ಹಲಸಿನ ಮರಕ್ಕೆ ಒಂದು ವರ್ಷ ವಾಯಿದೆ

ಮಾದಪ್ಪನಾಣೆ, ಇದು ನಡೆದದ್ದೇ. ನಾನು ಹೇಳಿದ ಬೇರೆ ಕತೆಗಳನ್ನು ಅರ್ಧ ನಂಬಿದರೂ ಸಾಕು, ಇದನ್ನು ಪೂರ್ತಿ ನಂಬಬೇಕು.

ನಮ್ಮೂರು ಉಡಿಗಾಲದ ಮಾರಯ್ಯನ ಹೊಲದ ಬದುವಿನಲ್ಲಿ ಒಂದು ಹಲಸಿನ ಮರ. ಹನ್ನೆರಡು ವರ್ಷವಾದರೂ ಒಂದು ಕಾಯಿಲ್ಲ. ಎಲೆ ಮಾತ್ರ ಎಷ್ಟೆಂದರೆ, ಚಾಮರಾಜನಗರದ ಮೇಕೆಗಳೆಲ್ಲ ಬಸ್ಸು ಹತ್ತಿ ಬಂದು ತಿಂದರೂ ಮುಗಿಯದು. ಅದರ ನೆರಳಿಗೆ ಟೊಮೆಟೊ ಸೊರಗುತ್ತದೆಂದು ಮಾರಯ್ಯ ಗುಂಡ್ಲುಪೇಟೆಯ ಮರದ ವ್ಯಾಪಾರಿಗೆ ಲಾರಿ ತರಲು ಹೇಳಿಬಿಟ್ಟ.

ಅವನ ಹೆಂಡತಿ ಗುರುಮಲ್ಲಮ್ಮನಿಗೆ ಮಕ್ಕಳಿಲ್ಲ. ಕೊಡದಲ್ಲಿ ನೀರು ಹೊತ್ತು ಆ ಮರ ಬೆಳೆಸಿದವಳು ಅವಳೇ. ಲಾರಿ ಬರುವ ದಿನ ಬೆಳಿಗ್ಗೆ ಸೀರೆಗಳನ್ನು ಗಂಟು ಕಟ್ಟಿದಳು.

"ಫಲ ಬುಡ್ದೆ ಇರದ್ನೆಲ್ಲ ಕಡ್ಯದಾದ್ರೆ ನಂಗ್ಯಾಕೆ ಈ ಮನೆ? ಪುಣಜನೂರಿಗೆ, ನಮ್ಮಪ್ಪನ ಮನೆಗೆ ಓಯ್ತೀನಿ. ಇನ್ನೊಂದ್ಸಲ ಮರವ ಎದರ್ಸಿ ನೋಡಿ."

ಹೆದರಿಸುವುದೆಂದರೆ ನಮ್ಮಲ್ಲಿ ಹೀಗೆ: ಕಾಯಿ ಬಿಡದ ಮರಕ್ಕೆ ಯಜಮಾನ ಕೊಡಲಿ ಎತ್ತಬೇಕು. ಹೊರಗಿನವನೊಬ್ಬ ಅವನ ಕೈ ಹಿಡಿದು, ಈ ವರ್ಷ ಉಳಿಸು ಎಂದು ಬೇಡಬೇಕು. ಮನೆಯವರು ಬೇಡಿದರೆ ನಡೆಯದು. ಊರಿಗೆಲ್ಲ ದೊಡ್ಡ ಬಾಯಿ ನನ್ನದು, ನನ್ನನ್ನೇ ನಿಲ್ಲಿಸಿದರು.

ಮಾರಯ್ಯ ಕೊಡಲಿ ಎತ್ತಿದ. ನಾನು ಕೈ ಹಿಡಿದೆ.

"ಬುಡು ಮಾರಣ್ಣ, ಮುಂದಿನ್ವರ್ಸ ಕಾಯಿ ಬುಡ್ತದೆ."

"ಕೈ ತಗಿಲಾ ರಾಜ. ಓದ್ವರ್ಸಾನೂ ಇದ್ನೇ ಅಂದೆ. ಬಾಯ್ಮಾತ್ಗೆ ಕಾಯಿ ಬುಟ್ಟದಾ?"

ಅವನ ಕಣ್ಣು ನೋಡಿದೆ. ನಾಟಕವಲ್ಲ. ಅಷ್ಟರಲ್ಲಿ ರಸ್ತೆಯಲ್ಲಿ ಲಾರಿಯ ಹಾರನ್ ಕೇಳಿತು. ಗುರುಮಲ್ಲಮ್ಮ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು. ನನ್ನ ನಾಲಿಗೆ ಒಣಗಿತು. ಹುಟ್ಟಿದ ಮೇಲೆ ಅದೇ ಮೊದಲು.

ಆಗ ನೆನಪಾಯಿತು, ಚರ್ಚಿಗೆ ಹೋಗುವ ಸ್ವರ್ಣಲತಾ ಟೀಚರು ಬಸ್‌ಸ್ಟಾಪಿನಲ್ಲಿ ಹೇಳಿದ್ದ ಯೇಸುವಿನ ಕತೆ. ತೋಟದ ಯಜಮಾನ ಮೂರು ವರ್ಷ ಅಂಜೂರದ ಮರದಲ್ಲಿ ಹಣ್ಣು ಹುಡುಕಿ, ಸಿಗದೆ, ಕಡಿ ಎಂದನಂತೆ. ಆಳು, ಇನ್ನೊಂದು ವರ್ಷ ಬಿಡಿ ಎಂದನಂತೆ.

"ಆಮೇಲೆ ಅಣ್ಣು ಬುಡ್ತಾ ಟೀಚರಮ್ಮ?" ಎಂದಿದ್ದೆ.

"ಅದು ಕತೇಲಿಲ್ಲ ರಾಜಣ್ಣ" ಎಂದು ಅವರು ನಕ್ಕಿದ್ದರು. ಬಾಲವಿಲ್ಲದ ಕತೆ ಎಂದು ನಾನು ಒಳಗೊಳಗೇ ಬೈದುಕೊಂಡಿದ್ದೆ.

ಈಗ ಹೊಳೆಯಿತು. ಆ ಆಳು ಬರೀ ಬೇಡಲಿಲ್ಲ. ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎಂದು ಹೊಣೆಯನ್ನು ತನ್ನ ಮೇಲೆ ಹಾಕಿಕೊಂಡ.

"ಬುಡ ನಾನ್ ಅಗೀತೀನಿ, ಗೊಬ್ರ ನಾನ್ ಆಕ್ತೀನಿ! ಒಂದೇ ಒಂದ್ವರ್ಸ ಕಣಣ್ಣೋ!"

ಕೊಡಲಿ ನಿಧಾನಕ್ಕೆ ಕೆಳಗಿಳಿಯಿತು. "ನೀನು ಅಗ್ಯದಾ? ಗುದ್ಲಿಯ ಯಾವ್ ಕಡೆ ಇಡಿಬೇಕು ಅಂತ ಗೊತ್ತೇನ್ಲಾ?"

ಲಾರಿ ಖಾಲಿ ಹೋಯಿತು. ಗುರುಮಲ್ಲಮ್ಮ ಗಂಟನ್ನು ಒಳಗಿಟ್ಟಳು. ಬಿಚ್ಚಲಿಲ್ಲ.

ನಾಲ್ಕು ತಿಂಗಳಾಯಿತು. ಎಷ್ಟು ಆಳ ಅಗೆದಿದ್ದೇನೆಂದರೆ ಘಟ್ಟದ ಕೆಳಗಿನ ಸತ್ಯಮಂಗಲದವರು ತಮಿಳಿನಲ್ಲಿ ಕೆಮ್ಮುವುದು ಕೇಳಿಸುತ್ತದೆ. ದಿನಾ ಬೆಳಿಗ್ಗೆ ಅವಳು ಮರ ನೋಡುತ್ತಾಳೆ, ಆಮೇಲೆ ನನ್ನನ್ನು ನೋಡುತ್ತಾಳೆ. ನಾನು ಮತ್ತೆ ಗುದ್ದಲಿ ಎತ್ತುತ್ತೇನೆ.

ನನ್ನ ಮನೆಯಲ್ಲಿರುವುದು ಒಂದು ಕೋಳಿ. ನಿಮ್ಮ ಕೊಟ್ಟಿಗೆಯಲ್ಲೋ ಎರಡು ಎಮ್ಮೆ. ಕತೆಯನ್ನು ಪುಕ್ಕಟೆ ಕೇಳಿದಿರಲ್ಲ, ನಾಳೆ ನಾಲ್ಕು ಮಂಕರಿ ಗೊಬ್ಬರ ಹೊತ್ತು ತನ್ನಿ. ಹಾಗೆಯೇ ಒಂದು ಗುದ್ದಲಿಯನ್ನೂ ತನ್ನಿ. ನನಗೆ ಸೊಂಟ ನೋವು.