ಒದ್ದೆ ಬಟ್ಟೆ ಸುತ್ತಿದ ಯಜಮಾನರು

ಪ್ಲೇಗಿನ ವರ್ಷ. ಕಲಬುರ್ಗಿಗೆ ಹೋಗುವವರನ್ನೆಲ್ಲ ಊರ ಹೊರಗಿನ ನಾಕೆಯಲ್ಲಿ ತಡೆದು ಮೈ ನೋಡುತ್ತಿದ್ದರು. ಮೈ ಬಿಸಿ ಇದ್ದವರಿಗೆ ಹತ್ತು ದಿನ ಅಲ್ಲಿಯೇ ಗುಡಿಸಲುವಾಸ.

ಕಮಲಾಪುರದ ಕಸ್ತೂರಿಬಾಯಿಗೆ ಪ್ಲೇಗಿಗಿಂತ ಗಂಡನ ಮೈಯದೇ ಭಯ. ಅಣವೀರಪ್ಪನವರದು ಹುಟ್ಟಾ ಉಷ್ಣದ ಮೈ. ಅವರು ಎದ್ದ ಜಾಗಕ್ಕೆ ಬೆಕ್ಕು ಬಂದು ಮಲಗುತ್ತಿತ್ತು. ಅಂದು ಮಧ್ಯಾಹ್ನ ಕಲಬುರ್ಗಿಯಲ್ಲಿ ಮಗಳ ನಿಶ್ಚಯ. ತಂದೆಯೇ ಬಂದು ವೀಳ್ಯ ಕೊಡದಿದ್ದರೆ ಆಳಂದದಲ್ಲೂ ಒಂದು ಹೆಣ್ಣಿದೆ ಎಂದು ಗಂಡಿನವರು ಮೊದಲೇ ಹೇಳಿ ಕಳಿಸಿದ್ದರು.

ಹಿಂದಿನ ರಾತ್ರಿ ದಾರಿಯ ಹಳ್ಳಿಯೊಂದರಲ್ಲಿ ತಂಗಿ, ಬೆಳಗಾಗುತ್ತಲೇ ಗಾಡಿ ಹೂಡಿದರು. ಪಯಣದ ನೀರಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ ಗಾಡಿಯ ಕೆಳಗೆ ಗಾಳಿಗೆ ಕಟ್ಟಿದರೆ ನೀರು ತಣ್ಣಗಾಗುತ್ತದೆ. ಗಡಿಗೆಗೆ ಆಗುವುದು ಗಂಡನಿಗೇಕೆ ಆಗಬಾರದು? ಕಸ್ತೂರಿಬಾಯಿ ಧೋತರವೊಂದನ್ನು ಅದ್ದಿ ಯಜಮಾನರಿಗೆ ಕುತ್ತಿಗೆಯತನಕ ಸುತ್ತಿದಳು.

"ಅವ್ವಾರ, ಸಾವ್ಕಾರ್ರನ್ನ ಮ್ಯಾಲ ಕುಂದ್ರಸಲ್ಯೋ, ಗಾಡಿ ಬುಡಕ ತೂಗಹಾಕಲ್ಯೋ?" ಎಂದು ಗಾಡಿಯ ಭೀಮಶಾ ವಿನಯದಿಂದಲೇ ಕೇಳಿದ.

ಶಿವರಾತ್ರಿ ಕಳೆದಿದ್ದರೂ ಚಳಿ ಇನ್ನೂ ಶಿವಶಿವಾ ಎಂದು ಓಡಿರಲಿಲ್ಲ. ಆಕೆ ದಾರಿಯುದ್ದಕ್ಕೂ ನೀರು ಚಿಮುಕಿಸಿದಳು. ಗಡಿಗೆ ತಣ್ಣಗಾಗಿ ಸುಮ್ಮನಿತ್ತು. ಅಣವೀರಪ್ಪ ಮಾತ್ರ ಎತ್ತಿನ ಗೆಜ್ಜೆಯ ತಾಳಕ್ಕೆ ಹಲ್ಲು ಕಡಿಯತೊಡಗಿದರು. ಸಾಕು ಎಂದು ಬೇಡಿಕೊಂಡರೆ, ಮಾತಾಡಿದರೆ ಬಾಯಿ ಬಿಸಿಯಾಗುತ್ತದೆಂದು ಆಕೆ ಅದನ್ನೂ ಮುಚ್ಚಿಸಿದಳು.

ನಾಕೆಯ ಡಾಕ್ಟರು ಬುರ್ಹಾನುದ್ದೀನ್ ಸಾಹೇಬರು ಗಡಗಡ ನಡುಗುವ ಮನುಷ್ಯನನ್ನು ನೋಡಿದವರೇ ಗುಡಿಸಲಿನ ಕಡೆ ಕೈ ತೋರಿಸಿದರು. ಜ್ವರ ಏರುವ ಮುಂಚೆ ಹೀಗೆಯೇ ನಡುಕ ಬರುತ್ತದೆ. ಕಸ್ತೂರಿಬಾಯಿ ಗಡಿಗೆಯ ಕಥೆಯನ್ನೆಲ್ಲ ಒಪ್ಪಿಸಿದಳು. ಸಾಹೇಬರು ಅರ್ಧ ನಂಬಿ, ಯಜಮಾನರ ನಾಲಿಗೆಯಡಿ ಗಾಜಿನ ಕಡ್ಡಿ ಇಟ್ಟರು. ಪಾದರಸ ಇರಬೇಕಾದಲ್ಲೇ ಇತ್ತು. ಉಳಿದರ್ಧ ನಂಬಿಕೆಗಾಗಿ, ಒದ್ದೆ ಬಿಚ್ಚಿ ಬಿಸಿಲಲ್ಲಿ ಕೂಡಿಸಿ ಎಂದರು.

ಹೊತ್ತು ಏರಿತು. ನಡುಕ ನಿಂತು ಬೆವರು ಇಳಿಯಿತು. ಆಕೆ ಸೆರಗಿನಿಂದ ಗಾಳಿ ಹಾಕಹೋದರೆ ಸಾಹೇಬರು ಬೇಡವೆಂದರು. ಅತ್ತ ಬೀಗರ ಮನೆಯಲ್ಲಿ ಎಲೆ ಹಾಕಿರಬೇಕು, ಇತ್ತ ಗಂಡ ಕಾಯುತ್ತಿದ್ದಾನೆ, ಹಂಚಿನಂತೆ. ಕೆಟ್ಟಿತು ಎಂದುಕೊಂಡಳು.

ಸಾಹೇಬರು ಮತ್ತೆ ಕಡ್ಡಿ ಇಟ್ಟರು. ಪಾದರಸ ಹಿಂದಿನ ಗೆರೆ ಬಿಟ್ಟು ಕದಲಿರಲಿಲ್ಲ.

"ದೇಖೋ ಬಾಯೀ," ಎಂದರು. "ತಂಡಿ ಆದ್ರ ಮೈ ನಡುಗಿ ಒಳಗ ತಾನೇ ಬೆಂಕಿ ಹಚ್ಚಿಕೋತದ. ಗರ್ಮಿ ಆದ್ರ ಬೆವರಿ ತಾನೇ ಆರತದ. ಗಡಿಗಿಗೆ ನೀವು ಒದ್ದಿ ಬಟ್ಟಿ ಸುತ್ತಬೇಕು. ಇವರಿಗೆ ಬೆವರೇ ಒದ್ದಿ ಬಟ್ಟಿ. ಒಳಗ ಏನೂ ಬದಲಾಗಂಗಿಲ್ಲ."

"ಅದು ನನಗ ಲಗ್ನಾದಾಗಿಂದ ಗೊತ್ತದ್ರಿ," ಎಂದಳು ಕಸ್ತೂರಿಬಾಯಿ.

ಬೀಗರ ಮನೆ ಮುಟ್ಟಿದಾಗ ಎಲ್ಲರೂ ಹಸಿದು ಮುಖ ಗಂಟಿಕ್ಕಿದ್ದರು. ವೀಳ್ಯ ತೆಗೆದುಕೊಳ್ಳಲು ಬಂದ ಬೀಗರು ಅಣವೀರಪ್ಪನವರ ಅಂಗೈ ತಾಕುತ್ತಲೇ ಕೈ ಹಿಂದೆಳೆದರು. ಬಿಸಿ ಅದ, ಎಂದರು. ಸಾಲಿನಲ್ಲಿ ಕೂತವರು ಒಂದು ಮೊಳ ಹಿಂದೆ ಸರಿದರು.

"ಡಾಕ್ಟರ್ ಸಾಹೇಬ್ರು ನೋಡಿ ಬಿಟ್ಟಾರ್ರಿ," ಎಂದಳು ಕಸ್ತೂರಿಬಾಯಿ. "ಎರಡು ಸಲ."

ಬೀಗರು ಯೋಚಿಸಿದರು. ಆಳಂದದವರನ್ನು ಯಾವ ಡಾಕ್ಟರೂ ಒಂದು ಸಲವೂ ನೋಡಿರಲಿಲ್ಲ. ಅವರು ವೀಳ್ಯ ತೆಗೆದುಕೊಂಡರು.