ರೆಕಾರ್ಡಿನ ಹಿಂಬದಿಯ ಏಡಿಮರಿ

ಮತ್ಸುಎ ಊರಿನ ಕಾಲುವೆ ದಂಡೆಯಲ್ಲಿ ಹಳೆಯ ರೆಕಾರ್ಡು ಮಾರುವ ಅಂಗಡಿ ನನ್ನದು. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಹಿಂಬದಿಯ ಹಾಡಿಗಾಗಿಯೇ ರೆಕಾರ್ಡು ಕೊಳ್ಳುತ್ತಿದ್ದವಳು ನೊಗಾಮಿ ಇಕುಯೊ ಒಬ್ಬಳೇ. ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಕೆಲಸ, ವಯಸ್ಸು ಮೂವತ್ತೆರಡು, ಮನೆಯಲ್ಲಿ ತಾಯಿ. ಬದಿಗೊಂದೇ ಹಾಡು ಹಿಡಿಯುವ ಸಣ್ಣ ರೆಕಾರ್ಡಿನಲ್ಲಿ ಮುಂದಿನದು ರೇಡಿಯೊದವರಿಗೆ, ಹಿಂದಿನದು ಬರೀ ಜಾಗ ತುಂಬಲಿಕ್ಕೆ ಎಂದು ಎಲ್ಲರ ಲೆಕ್ಕ.

"ಮುಂದಿನ ಹಾಡು ಕಂಡಕಂಡವರ ಮುಂದೆ ಹಲ್ಲು ಕಿರಿಯುತ್ತೆ, ಕದೊವಾಕಿ ಸಾನ್. ಹಿಂದಿನದನ್ನ ಬರೆಯೋವಾಗ ಯಾರೂ ನೋಡ್ತಿರಲ್ಲ. ಅದಕ್ಕೇ ಅಲ್ಲಿ ನಿಜ ಹೇಳಿರ್ತಾರೆ" ಎಂದು ನನಗೆ ಹೇಳುತ್ತಿದ್ದಳು.

"ಗಂಡು ನೋಡೋಕೆ ಹೋದ್ರೂ ಬೆನ್ನು ನೋಡ್ಕೊಂಡು ಬರ್ತೀಯ ನೀನು" ಎಂದು ನಾನು ರೇಗಿಸುತ್ತಿದ್ದೆ.

೧೯೮೧ರ ಜೂನ್ ತಿಂಗಳಲ್ಲಿ, ಬಾಗಿಲು ಮುಚ್ಚಿದ ಒಂದು ಪಡಖಾನೆಯಿಂದ ರೆಕಾರ್ಡಿನ ಪೆಟ್ಟಿಗೆ ಬಂತು. ಇಕುಯೊ ಅದರೊಳಗಿಂದ ಒಂದನ್ನು ತೆಗೆದಳು. ಹತ್ತು ವರ್ಷ ಹಿಂದಿನದು. ಮುಂಬದಿಯಲ್ಲಿ ಸಮುದ್ರಸ್ನಾನದ ಕುಣಿತದ ಹಾಡು. ಹಿಂಬದಿಯ ಹಾಡಿನ ಹೆಸರು 'ಏಡಿಮರಿ'.

"ನಮ್ಮಣ್ಣನ್ನ ಹಾಗೇ ಕರೀತಿದ್ವಿ. ಅಡ್ಡಡ್ಡ ಓಡ್ತಿದ್ದ" ಎಂದು ನಗುತ್ತ ಕೊಟ್ಟಳು. ನಾನು ಹಚ್ಚಿದೆ. ಹಾಡುವ ಹೆಣ್ಣಿನ ದನಿ ಜೋಗುಳದಷ್ಟು ಮೆತ್ತಗಿತ್ತು.

ಕೆಳಗಿನಿಂದ ಏಳನೆಯ ಮೆಟ್ಟಿಲು ಮುರಿದಿದೆ, ಏಡಿಮರಿ,
ನೀಲಿ ಹೂವು ಕಲ್ಲಿನ ಮುಚ್ಚಳವ ಮರೆಮಾಡಿದೆ,
ಮೂರು ಸಲ ಕರೆದೆ ನೀನು,
ನಾಲ್ಕನೆಯ ಸಲ ಕರೆಯಲಿಲ್ಲ.

ಇಕುಯೊ ಮುಖದ ಮೇಲಿನ ನಗು ಹಾಗೆಯೇ ಒಣಗಿತು. "ಇನ್ನೊಂದು ಸಲ" ಎಂದಳು. ಹಚ್ಚಿದೆ. ಮೂರನೆಯ ಸಲ ಕೇಳಿದ ಮೇಲೆ ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು ಹೇಳತೊಡಗಿದಳು.

ಅವಳ ತಾಯಿ ಫುಸಾಎ ಹಿಂದೆ ಉರಾಜಿ ಎಂಬ ಮೀನುಗಾರರ ಹಳ್ಳಿಯಲ್ಲಿ ವಸತಿಮನೆ ನಡೆಸುತ್ತಿದ್ದಳು. ಅದರ ಹಿತ್ತಲಿಗೆ ಇಳಿಯುವ ಮೆಟ್ಟಿಲುಗಳಲ್ಲಿ ಏಳನೆಯದು ಮುರಿದಿತ್ತು. ಮೆಟ್ಟಿಲ ಬುಡದಲ್ಲಿ ನೀಲಿ ಹೂವಿನ ಪೊದೆ, ಪೊದೆಯ ಹಿಂದೆ ಕಲ್ಲು ಮುಚ್ಚಿದ ಪಾಳುಬಾವಿ. ೧೯೫೫ರ ಆಗಸ್ಟಿನಲ್ಲಿ ಒಂಬತ್ತು ವರ್ಷದ ಅಣ್ಣ ಕಾಣೆಯಾದ. ಆ ಬೇಸಿಗೆ ವಸತಿಮನೆಯಲ್ಲಿ ತಂಗಿದ್ದು ಅವನಿಗೆ ಲೆಕ್ಕ ಹೇಳಿಕೊಡುತ್ತಿದ್ದ ತೊಕುನಾಗ ಎಂಬ ಮೇಷ್ಟ್ರು, ಹುಡುಗ ಬಂಡೆಗಳ ಕಡೆ ಹೋದದ್ದನ್ನು ಕಂಡೆ ಎಂದರು. ಹಳ್ಳಿಯವರೆಲ್ಲ ಹನ್ನೊಂದು ದಿನ ಸಮುದ್ರ ಜಾಲಾಡಿದರು.

"ಮೇಷ್ಟ್ರೂ ದೋಣಿ ಹತ್ತಿ ಹುಡುಕಿದ್ರು" ಎಂದಳು ಇಕುಯೊ.

ಕವಿಯ ಹೆಸರು ಎಂದು ಅಚ್ಚಾಗಿದ್ದುದು ಕಾವ್ಯನಾಮ. ಪರಿಚಯದ ಸಗಟು ವ್ಯಾಪಾರಿಯೊಬ್ಬನಿಂದ ರೆಕಾರ್ಡು ಕಂಪನಿಗೆ ಫೋನ್ ಮಾಡಿಸಿ ನಿಜ ಹೆಸರು, ಊರು ತಿಳಿದುಕೊಂಡೆ. ತೊಕುನಾಗ, ನಿವೃತ್ತ ಶಿಕ್ಷಕ, ಯೊನಾಗೊ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಪೊಲೀಸರ ಬಳಿ ಹೋಗೋಣ ಎಂದೆ. ಮೊದಲು ಅವರ ಮುಖ ನೋಡಬೇಕು ಎಂದಳು. ಭಾನುವಾರ ಮಧ್ಯಾಹ್ನ ಹೋದೆವು.

ಇಸ್ತ್ರಿ ಮಾಡಿದ ಅಂಗಿ ತೊಟ್ಟ ತೆಳ್ಳಗಿನ ಮುದುಕ. ಅವಳ ಹೆಸರು ಕೇಳಿದ ಮೇಲೂ ಒಂದು ಹನಿ ಚೆಲ್ಲದೆ ಚಹಾ ಬಗ್ಗಿಸಿದರು. ರೆಕಾರ್ಡನ್ನು ಮೇಜಿನ ಮೇಲಿಟ್ಟೆವು.

"ಇದನ್ನ ತಿರುಗಿಸಿ ಕೇಳಿದವರೂ ಇದಾರಾ?" ಎಂದರು. ಬಹಳ ದಿನದಿಂದ ಯಾರಿಗೋ ಕಾದಿದ್ದವರ ದನಿ ಅದು. "ಲೆಕ್ಕ ತಪ್ಪು ಮಾಡ್ದ ಅಂತ ಒಂದು ಏಟು ಹೊಡೆದೆ. ಹಿಂದೆ ಸರಿದ. ಬಾವಿ ಮುಚ್ಚಳ ಅರ್ಧ ಸರಿದಿತ್ತು. ಬಿದ್ದವನೇ ಹೋಗ್ಬಿಟ್ಟ. ನನಗೆ ಆಗ ಮೂವತ್ತಾರು, ಕೆಲಸ ಕಾಯಂ ಆಗೋದ್ರಲ್ಲಿತ್ತು. ಮುಚ್ಚಳ ಎಳೆದೆ."

"ಬಿದ್ದವನೇ ಹೋದ್ನಾ?"

"ಹೂಂ, ಅಮ್ಮಾ."

"ಹಾಗಾದ್ರೆ ಮೂರು ಸಲ ಕರೆದವರು ಯಾರು, ಮೇಷ್ಟ್ರೇ?"

ಮುದುಕ ರೆಕಾರ್ಡನ್ನು ಮೆಲ್ಲಗೆ ಮಗುಚಿ, ಮುಂಬದಿ ಮೇಲೆ ಬರುವಂತೆ ಇಟ್ಟರು. ಪಕ್ಕದ ಮನೆಯಲ್ಲಿ ಯಾರೋ ಚಾಪೆ ಕೊಡವುತ್ತಿದ್ದರು.

ನಮ್ಮ ದೂರಿನ ಮೇಲೆ ಬುಧವಾರ ಪೊಲೀಸರು ಉರಾಜಿಯ ಬಾವಿಯ ಮುಚ್ಚಳ ಎತ್ತಿಸಿದರು. ಬಾವಿಯಲ್ಲಿ ನೀರಿರಲಿಲ್ಲ. ಮೂಳೆಗಳು ಗೋಡೆಗೆ ಒರಗಿ ಕೂತ ಹಾಗಿದ್ದವು. ಇಕುಯೊ ನೋಡಿದಳು, ನಾನೂ ನೋಡಿದೆ. ಎತ್ತರದಿಂದ ಬಿದ್ದು ಸತ್ತವರು ಹಾಗೆ ಕೂರುವುದಿಲ್ಲ.

ಮೇಷ್ಟ್ರಿಗೆ ಏನೂ ಆಗಲಿಲ್ಲ. ಆಗಿನ ನಮ್ಮ ಕಾನೂನಿನಲ್ಲಿ ಕೊಲೆಗೂ ಹದಿನೈದು ವರ್ಷ ಕಳೆದರೆ ಮೊಕದ್ದಮೆ ಹೂಡುವಂತಿರಲಿಲ್ಲ. "೭೦ರ ಆಗಸ್ಟಿಗೆ ಅವಧಿ ಮುಗೀತು. ರೆಕಾರ್ಡು ಬಂದಿದ್ದು ೭೧ರ ಏಪ್ರಿಲ್‌ನಲ್ಲಿ. ಲೆಕ್ಕದ ಮೇಷ್ಟ್ರಲ್ವಾ" ಎಂದ ಪೊಲೀಸ್ ಅಧಿಕಾರಿ ನಮ್ಮ ಮುಖ ನೋಡದೆ ಫೈಲು ಕಟ್ಟಿದ.

ಇಕುಯೊ ತಾಯಿಗೆ ಹೇಳಿದ್ದು ಇಷ್ಟೇ: ಬಿದ್ದ ಕೂಡಲೇ ಪ್ರಾಣ ಹೋಗಿತ್ತು, ನೋವಾಗಿರಲಿಲ್ಲ. ನಾನು ಪಕ್ಕದಲ್ಲಿ ಕೂತು ತಲೆಯಾಡಿಸಿದೆ. ಆದರೆ ಪತ್ರಿಕೆಯವರು ಹಾಡಿನ ಹೆಸರು ಹಾಕಿಬಿಟ್ಟರು. ಯಾರೂ ತಿರುಗಿಸದಿದ್ದ ರೆಕಾರ್ಡನ್ನು ಕೇಳಿಕೊಂಡು ದಿನಕ್ಕೆ ಹತ್ತು ಜನ ಬರತೊಡಗಿದರು. ಅಷ್ಟರಲ್ಲಿ ನನ್ನಲ್ಲಿಗೆ ಬಂದು ಸೇರಿದ್ದ ಮೂರು ಪ್ರತಿಗಳನ್ನೂ ಮೊಳೆಯಿಂದ ಗೀಚಿ ಎಸೆದೆ. ರೆಕಾರ್ಡಿಗೆ ಬೇಕೆಂದೇ ಗೀರು ಹಾಕಿದ್ದು ಅದೇ ಮೊದಲು.

ಅಕ್ಟೋಬರಿನ ಒಂದು ಬೆಳಿಗ್ಗೆ ಅಂಗಡಿಯ ಫೋನು ಹೊಡೆದುಕೊಂಡಿತು. ಫುಸಾಎ.

"ಮೀನಿನವಳ ಮನೇಲಿ ಆ ರೆಕಾರ್ಡಿತ್ತು, ಇಸ್ಕೊಂಡು ಬಂದೆ. ಇಕುಯೊ ಕೆಲಸಕ್ಕೆ ಹೋಗಿದಾಳೆ. ಯಾವ ಕಡೆ ಮೇಲಿಡ್ಬೇಕಪ್ಪ?"

"ಅವಳು ಬರ್ಲಿ ತಾಯಿ, ಒಟ್ಟಿಗೆ ಕೇಳಿ."

"ಯಾವ ಕಡೆ ಹೇಳು."

ಒಂದು ಎಂದು ಬರೆದಿರುವ ಕಡೆ ಎಂದೆ. ಸಮುದ್ರಸ್ನಾನದ ಹಾಡು ಫೋನಿನಲ್ಲಿ ಕುಣಿಯಿತು. ಮುಗಿದ ಮೇಲೆ ಆಕೆ, "ಇದಕ್ಕಾ ಪೊಲೀಸರು ಬಂದಿದ್ದು? ನನ್ನನ್ನ ಕೂಸು ಅಂದ್ಕೊಂಡ್ಯಾ?" ಎಂದಳು. ರೆಕಾರ್ಡು ತಿರುಗಿಸಿದ ಸದ್ದು ಕೇಳಿತು. ನನಗೆ ಫೋನ್ ಇಡಲು ಆಗಲಿಲ್ಲ. ಹಾಡು ಕೊನೆಯವರೆಗೂ ಹೋಯಿತು. ಆಮೇಲೆ ಬರೀ ಮುಳ್ಳು ಕೆರೆಯುವ ಸದ್ದು.

"ನಾನು ಕೇಳಿದ್ದು ಇಕುಯೊಗೆ ಗೊತ್ತಾಗೋದು ಬೇಡ. ನನಗೋಸ್ಕರ ಕಷ್ಟಪಟ್ಟು ಸುಳ್ಳು ಹೇಳಿದಾಳೆ" ಎಂದಳು. ಮುಳ್ಳು ಎತ್ತಿಟ್ಟು ಕೇಳಿದಳು: "ಯೊನಾಗೊ ಬಸ್ಸು ಎಷ್ಟೊತ್ತಿಗೆ?"

ಅಂಗಡಿ ಮುಚ್ಚಿ ಬಸ್ ನಿಲ್ದಾಣಕ್ಕೆ ಓಡಿದೆ. ಫುಸಾಎ ಬರಿಗೈಯಲ್ಲಿ ನಿಂತಿದ್ದಳು. ಜೊತೆಗೆ ಹತ್ತಿದೆ.

ಮೇಷ್ಟ್ರು ಬಾಗಿಲು ತೆಗೆದರು. ಆಕೆ ಬೈಯಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಮೇಜಿನ ಮುಂದೆ ಮಂಡಿಯೂರಿ ಕೂತಳು.

"ಆ ದಿನ ಬೆಳಿಗ್ಗೆಯಿಂದ ಹೇಳಿ, ಮೇಷ್ಟ್ರೇ. ಏನೂ ಬಿಡಬೇಡಿ."

ಅವರು ಹೇಳಿದರು. ಮುಗಿದ ಮೇಲೆ, "ಮುಂದಿನ ಗುರುವಾರ ಬರ್ತೀನಿ. ಮತ್ತೆ ಮೊದಲಿಂದ ಹೇಳೋರಂತೆ" ಎಂದು ಎದ್ದಳು.

ಚಳಿಗಾಲವಿಡೀ ಪ್ರತಿ ಗುರುವಾರ ಹೋದಳು. ಮಗಳಿಗೆ ಊರಿನ ಬಿಸಿನೀರಿನ ಸ್ನಾನದ ಮನೆಗೆ ಹೋಗಿಬರುತ್ತೇನೆ ಎಂದು ಹೇಳುತ್ತಿದ್ದಳು. ಜೊತೆಗೆ ಹೋಗುತ್ತಿದ್ದ ನಾನು ಹೊರಗಿನ ಗೇಟಿನ ಬಳಿಯೇ ನಿಲ್ಲುತ್ತಿದ್ದೆ. ಒಂದೊಂದು ವಾರಕ್ಕೂ ಮೇಷ್ಟ್ರ ಅಂಗಿ ಭುಜದಿಂದ ಸಡಿಲವಾಗುತ್ತ ಹೋಯಿತು. ಫೆಬ್ರವರಿಯಲ್ಲಿ ಒಮ್ಮೆ, "ಸಾಕು ಅಂತ ಅವರಿಗೊಂದು ಮಾತು ಹೇಳಿ" ಎಂದು ನನ್ನ ತೋಳು ಹಿಡಿದರು. ನಾನು ತೋಳು ಬಿಡಿಸಿಕೊಂಡೆ.

ಮಾರ್ಚಿನ ಎರಡನೆಯ ಗುರುವಾರ ಬಾಗಿಲು ತೆರೆಯಲಿಲ್ಲ. ಕಿಟಕಿಗೆ ಒಳಗಿನಿಂದ ಪರದೆ ಎಳೆದಿತ್ತು. ಫುಸಾಎ ಬಾಗಿಲಿಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದಳು. ನಾನು ಪಕ್ಕದ ಮನೆಯವರನ್ನು ಕರೆಯಲು ಹೊರಟಾಗ ನನ್ನ ತೋಳು ಹಿಡಿದಳು.

"ಅವಸರ ಏನು?" ಎಂದಳು.