ಗಡಿಯಾರನಿಗೆ ಹೊಸ ಕೆಲಸ

ಆ ಮೂವರ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನನ್ನು ಎಲ್ಲರೂ ಗಡಿಯಾರ ಎಂದೇ ಕರೆಯುತ್ತಿದ್ದರು. ಕೈಗೆ ವಾಚು ಕಟ್ಟಿದವನಲ್ಲ. ಆದರೆ ನಿಮಿಷಕ್ಕೆ ನೂರಿಪ್ಪತ್ತು ಪೆಟ್ಟು ಎಂದರೆ ನೂರಿಪ್ಪತ್ತೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹಾಡುವವಳು ಅವನ ಹೆಂಡತಿ. ಸಿಂಥಸೈಜರ್ ನುಡಿಸುವವನು ಅವಳ ತಮ್ಮ. ಒಂಬತ್ತು ವರ್ಷಗಳಲ್ಲಿ ಮೂವರೂ ಸೇರಿ ನಾಲ್ಕು ಆಲ್ಬಮ್ ತಂದಿದ್ದರು. ಅದರಲ್ಲಿ ಒಂದು ಹಾಡಂತೂ ಬಟ್ಟೆ ಅಂಗಡಿಯಿಂದ ಹಿಡಿದು ಕ್ಷೌರದಂಗಡಿಯವರೆಗೆ ಎಲ್ಲಿ ಹೋದರೂ ಕಿವಿಗೆ ಬೀಳುತ್ತಿತ್ತು. ಕೊನೆಯ ಸಾಲಿನಲ್ಲಿ ಹೆಂಡತಿ ದನಿಯನ್ನು ಮೇಲಕ್ಕೆತ್ತಿ ಹಿಡಿದಳೆಂದರೆ ಅದರ ಕೆಳಗೆ ಗಡಿಯಾರನ ಡ್ರಮ್ಮು ಧಡಧಡನೆ ಇಳಿಯುತ್ತಿತ್ತು, ಸಭೆ ಎದ್ದು ನಿಲ್ಲುತ್ತಿತ್ತು.

ಆ ಎತ್ತರದ ದನಿಯೇ ಮುಳುವಾಯಿತು. ಒಂದು ಸಂಜೆ ಕಾರ್ಯಕ್ರಮದ ನಡುವೆ ಅವಳ ಗಂಟಲು ಕೈಕೊಟ್ಟಿತು. ಧ್ವನಿತಂತುವಿನ ಮೇಲೆ ಸಣ್ಣ ಗಂಟು ಬೆಳೆದಿದೆ ಎಂದ ಡಾಕ್ಟರು ಅದನ್ನು ತೆಗೆದರು. ಆರು ವಾರ ಪಿಸುಮಾತೂ ಕೂಡದು ಎಂದು ಬಾಯಿಗೆ ಬೀಗ ಹಾಕಿ ಮನೆಗೆ ಕಳಿಸಿದರು. ಮಾತು ಬರುತ್ತದೆ, ಹಾಡೂ ಬರಬಹುದು, ಆದರೆ ಆ ಎತ್ತರವನ್ನು ಮರೆತುಬಿಡಿ ಎಂದರು.

ಮನೆಯಿದ್ದದ್ದು ನಾಲ್ಕು ಮಹಡಿಯ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಹೆಂಡತಿ ಮಕ್ಕಳ ಸ್ಲೇಟೊಂದನ್ನು ತರಿಸಿಕೊಂಡು ಅದರಲ್ಲೇ ಸಂಸಾರ ನಡೆಸಿದಳು. ಗಡಿಯಾರ ಚಿಂತೆ ಹತ್ತಿದಾಗಲೆಲ್ಲ ಊಟದ ಮೇಜಿನ ಮೇಲೆ ಬೆರಳಲ್ಲಿ ಬಡಿಯುವವನು. ಮೂರನೆಯ ದಿನ ಸ್ಲೇಟು ಅವನ ಮೂಗಿನ ಮುಂದೆ ಬಂತು: ‘ಮೇಜು ಬಡೀಬೇಡ. ನನಗೆ ಬಾಯಿಲ್ಲ, ಕಿವಿ ಇದೆ.’ ಅವನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ಬಾಮೈದ ದಿನಾ ಮಧ್ಯಾಹ್ನ ಬರುತ್ತಿದ್ದ. ಮೊದಲ ವಾರ ಅಕ್ಕನ ಪಕ್ಕ ಸುಮ್ಮನೆ ಕೂತಿರುತ್ತಿದ್ದ. ಎರಡನೆಯ ವಾರದಿಂದ ಒಂದು ಮೈಕು ತಂದು ಕುಕ್ಕರಿನ ಉಸಿರು, ನಲ್ಲಿಯ ಪೈಪಿನೊಳಗಿನ ಗೊರಗೊರ, ಬಾಗಿಲ ಕೀಲು, ಕೈಗೆ ಸಿಕ್ಕಿದ್ದನ್ನೆಲ್ಲ ರೆಕಾರ್ಡ್ ಮಾಡತೊಡಗಿದ. ಅವನ್ನು ಸಿಂಥಸೈಜರಿಗೆ ಹಾಕಿ, ಹಿಗ್ಗಿಸಿ, ನಿಧಾನ ಮಾಡಿ, ಅಕ್ಕನಿಗೆ ಹೆಡ್‌ಫೋನಿನಲ್ಲಿ ಕೇಳಿಸುತ್ತಿದ್ದ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ರೋಗಿಗೆ ಹೊತ್ತು ಹೋಗಲಿ ಅಂತ ಏನೋ ಆಟ ಹೂಡಿದ್ದಾನೆ ಎಂದು ಗಡಿಯಾರ ತಲೆಕೆಡಿಸಿಕೊಳ್ಳಲಿಲ್ಲ.

ಆರು ವಾರ ಕಳೆದ ಮೇಲೆ ಡಾಕ್ಟರು ಬಾಯಿ ಮುಚ್ಚಿಕೊಂಡೇ ಮೆಲ್ಲಗೆ ಗುನುಗಬಹುದು ಎಂದರು. ಮಧ್ಯಾಹ್ನ ಕಟ್ಟಡದವರೆಲ್ಲ ಕೆಲಸಕ್ಕೆ ಹೋಗಿರುವಾಗ ಅಕ್ಕ ತಮ್ಮ ಮೆಟ್ಟಿಲಿಗೆ ಇಳಿದರು. ಅವಳು ಗೋಡೆಗೆ ಮುಖ ಮಾಡಿ ಗುನುಗಿದಳು. ಸದ್ದು ನಾಲ್ಕು ಮಹಡಿ ಸುತ್ತಿ, ಕೆಳಗಿನಿಂದ ಬೇರೆ ಯಾರದೋ ದನಿಯಂತೆ ಮರಳಿ ಬಂತು; ತಮ್ಮ ಅದನ್ನು ಮೈಕಿನಲ್ಲಿ ಹಿಡಿದುಕೊಂಡ. ಕೆಳಗಿನ ಅಂಗಡಿಯ ದರ್ಜಿ ಸೂಜಿ ಹಿಡಿದೇ ಹೊರಗೆ ಬಂದು, ಲಿಫ್ಟು ಮತ್ತೆ ಕೆಟ್ಟಿತಾ ಅಂತ ವಿಚಾರಿಸಿದ.

ಹೀಗೆ ಹುಟ್ಟಿದ ಸಂಗೀತಕ್ಕೆ ಗಡಿಯಾರ ತನ್ನ ಡ್ರಮ್ ಕೋಲುಗಳನ್ನು ಹಿಡಿದುಕೊಂಡು ರಿಹರ್ಸಲ್ ಕೋಣೆಗೆ ಬಂದ. ನಿಮಿಷಕ್ಕೆ ಎಂಬತ್ತು ಪೆಟ್ಟಿನಲ್ಲಿ ಶುರುಮಾಡಿ ನೋಡಿದ, ಅರವತ್ತಕ್ಕೆ ಇಳಿಸಿ ನೋಡಿದ, ಬರೀ ತಾಳದ ತಟ್ಟೆಯನ್ನು ಬ್ರಷ್ಷಿನಿಂದ ಸವರಿಯೂ ನೋಡಿದ. ಪ್ರತಿ ಸಲವೂ ಬಾಮೈದನ ಮುಖ ಹುಳ್ಳಗಾಗುತ್ತಿತ್ತು. ಕೊನೆಗೆ ಅವನು ವೈರು ಸುತ್ತುತ್ತಾ, ಮುಖ ನೋಡದೆ ಹೇಳಿದ.

“ಭಾವ, ಇದಕ್ಕೆ ತಾಳ ಬೇಡ ಅನ್ಸುತ್ತೆ.”

“ತಾಳ ಬೇಡ ಅಂದ್ರೆ ನಾನು ಬೇಡ ಅಂತ.”

“ಹಾಗಲ್ಲ ಭಾವ.”

ಬಾಮೈದ ಇನ್ನೊಂದು ವೈರನ್ನು ಕೈಗೆತ್ತಿಕೊಂಡ. ಗಡಿಯಾರ ಜಗಳವಾಡಲಿಲ್ಲ, ಡ್ರಮ್ಮುಗಳಿಗೆ ಹೊದಿಕೆ ಹೊದಿಸಿ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದ. ಮರುದಿನವೇ ಪರಿಚಯದ ಇನ್ನೊಂದು ಬ್ಯಾಂಡಿನ ಜೊತೆ ಎರಡು ವಾರದ ಪ್ರವಾಸಕ್ಕೆ ಹೊರಟುಬಿಟ್ಟ. ಅಲ್ಲಿ ಅವನಿಗೆ ರಾಜಮರ್ಯಾದೆ. ಆದರೆ ಅವರ ಹಾಡುಗಳೆಲ್ಲ ಈ ಮೂವರ ಹಳೆಯ ಹಾಡಿನ ಮರಿಗಳಂತಿದ್ದವು. ನಾಲ್ಕನೆಯ ಊರಿಗೆ ಬರುವಷ್ಟರಲ್ಲಿ ಕೈ ತನ್ನಷ್ಟಕ್ಕೆ ಬಾರಿಸುತ್ತಿತ್ತು, ಮನಸ್ಸು ಎಲ್ಲೋ ಇರುತ್ತಿತ್ತು. ಎಲ್ಲಿ ಎಂದು ಕೇಳಿಕೊಂಡರೆ, ಮೆಟ್ಟಿಲ ಮೇಲಿನ ಆ ಗುನುಗಿನಲ್ಲಿ. ಇದು ಅವನಿಗೇ ಇರಿಸುಮುರಿಸಾಯಿತು.

ಮನೆಗೆ ಬಂದಾಗ ಹೆಂಡತಿಗೆ ಮಾತು ಮರಳಿತ್ತು. ದನಿ ಮೊದಲಿಗಿಂತ ತಗ್ಗಿತ್ತು, ಅಂಚಿನಲ್ಲಿ ಒಂದಿಷ್ಟು ಒರಟು. ಅವನ ಚೀಲ ತೆಗೆದಿಡುತ್ತಾ ಅವಳು ಹೇಳಿದಳು:

“ನಾಳೆ ಬಂದು ಕೂತ್ಕೋ. ಬಾರಿಸೋಕಲ್ಲ, ಕೇಳೋಕೆ.”

ಅವನು ಹೋಗಿ ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತ. ಒಂಬತ್ತು ವರ್ಷ ಅವಳ ಬೆನ್ನನ್ನಷ್ಟೇ ನೋಡುತ್ತಾ ಬಾರಿಸಿದವನು ಈಗ ಮೊದಲ ಸಲ ಎದುರಿನಿಂದ ನೋಡಿದ. ಬಾಮೈದನ ಯಂತ್ರದಲ್ಲಿ ಹಿಡಿದಿಟ್ಟ ಸದ್ದುಗಳು ಮತ್ತೆ ಮತ್ತೆ ಸುತ್ತು ಹೊಡೆಯುತ್ತಿದ್ದವು. ಒಂದೊಂದು ಸುತ್ತಿಗೂ ಒಂದೊಂದು ಅಳತೆ; ಎಣಿಸುವ ಚಾಳಿಯವನಾದ್ದರಿಂದ ಅವನಿಗೆ ಅದು ತಕ್ಷಣ ಹೊಳೆಯಿತು. ಸುತ್ತು ಮುಗಿಯುವ ಹೊತ್ತಿಗೆ ಹೆಂಡತಿಯ ಉಸಿರು ಮುಗಿದಿರುತ್ತಿರಲಿಲ್ಲ, ಇಲ್ಲವೇ ಆಗಲೇ ಮುಗಿದು ಅವಳು ಕತ್ತಿನ ನರ ಬಿಗಿಹಿಡಿದು ಎಳೆಯುತ್ತಿರುತ್ತಿದ್ದಳು. ಗಾಯ ಈಗಷ್ಟೇ ಮಾಗಿದ ಗಂಟಲು ಅದು. ಎರಡು ದಿನ ನೋಡಿ ಮೂರನೆಯ ದಿನ ಅವನು ಎದ್ದ.

“ತಾಳ ಬೇಡ ಅಂದೆಯಲ್ಲಾ, ಯಂತ್ರದಲ್ಲಿ ನೀನೇ ಇಟ್ಕೊಂಡಿದೀಯ. ಅವಳು ಅದರ ಹಿಂದೆ ಓಡ್ತಿದಾಳೆ, ನೋಡು. ಸದ್ದು ಅವಳ ಉಸಿರಿನ ಹಿಂದೆ ಬರ್ಲಿ.”

ಬಾಮೈದ ತಲೆ ಕೆರೆದುಕೊಂಡ. ಎರಡು ಕೈಯೂ ಕೀಲಿಗಳ ಮೇಲಿರುವಾಗ ಅಕ್ಕನ ಉಸಿರನ್ನು ನೋಡುವವರು ಯಾರು ಎಂದ. ಗಡಿಯಾರ ಕುರ್ಚಿಯನ್ನು ಸದ್ದು ಏರಿಸಿ ಇಳಿಸುವ ಮಿಕ್ಸರ್ ಹಲಗೆಯ ಮುಂದಕ್ಕೆ ಎಳೆದುಕೊಂಡು ಹೆಂಡತಿಯ ಎದುರು ಕೂತ. ಅವಳ ಭುಜ ಏರಿದಾಗ ಸದ್ದುಗಳನ್ನು ಒಂದೊಂದಾಗಿ ಮೇಲೆ ತಂದ, ಇಳಿದಾಗ ಇಳಿಸಿದ. ಮೊದಲ ದಿನ ಎಡವಟ್ಟುಗಳೇ ಹೆಚ್ಚು. ಎಣಿಸುವುದನ್ನು ಬಿಡುವುದು ಅವನಿಗೆ ಸಿಗರೇಟು ಬಿಡುವುದಕ್ಕಿಂತ ಕಷ್ಟವಾಯಿತು. ತಿಂಗಳು ಕಳೆಯುವಷ್ಟರಲ್ಲಿ ಹೆಂಡತಿಯ ಕತ್ತಿನ ನರ ಸಡಿಲವಾಗಿತ್ತು.

ಆಲ್ಬಮ್‌ಗಳನ್ನು ಹೊರತರುತ್ತಿದ್ದ ಕಂಪನಿಯ ಮ್ಯಾನೇಜರು ಬಂದು ಹನ್ನೊಂದು ನಿಮಿಷ ತಾಳ್ಮೆಯಿಂದ ಕೇಳಿ, ಹಾಡು ಯಾವಾಗ ಶುರುವಾಗುತ್ತೆ ಎಂದು ವಿಚಾರಿಸಿದರು. ಈಗಷ್ಟೇ ಮುಗಿಯಿತು ಎಂದ ಬಾಮೈದ. ಅವರು ಒಳ್ಳೆಯ ಮನುಷ್ಯರು. ಬೈಯಲಿಲ್ಲ, ಚಹಾ ಕುಡಿದು, ಇದನ್ನು ನಾವು ಹೊರತರುವುದು ಕಷ್ಟ ಎಂದು ಹೇಳಿ ಹೋದರು. ಆದರೆ ಮೊದಲೇ ಗೊತ್ತುಮಾಡಿದ್ದ ಒಂದು ಸಂಜೆಯ ಕಾರ್ಯಕ್ರಮವನ್ನು ಮಾತ್ರ ರದ್ದು ಮಾಡಲಿಲ್ಲ.

ನಾನೂರು ಕುರ್ಚಿಯ ಸಭಾಂಗಣ ತುಂಬಿತ್ತು. ಬಂದವರೆಲ್ಲ ಆ ಒಂದು ಹಾಡಿಗೇ ಬಂದವರು. ಎರಡನೆಯ ರಚನೆ ಮುಗಿಯುವ ಮೊದಲೇ ಹಿಂದಿನ ಸಾಲಿನಿಂದ ಅದರ ಹೆಸರು ಕೂಗತೊಡಗಿದರು. ಹೆಂಡತಿ ಮೈಕಿನ ಹತ್ತಿರ ಬಂದಳು.

“ಆ ಹಾಡು ಹಾಡಿದ ಗಂಟಲು ಈಗ ನನ್ನ ಹತ್ರ ಇಲ್ಲ. ಇರೋದನ್ನ ಕೊಡ್ತಾ ಇದೀವಿ. ಎದ್ದು ಹೋಗೋರು ಹೋಗ್ಬಹುದು, ನಮಗೇನೂ ಬೇಜಾರಿಲ್ಲ.”

ಕುರ್ಚಿಗಳು ಮಡಚಿಕೊಂಡ ಸದ್ದು ಐದು ನಿಮಿಷ ಕೇಳಿತು. ಗಡಿಯಾರ ಕಣ್ಣನ್ನು ಹೆಂಡತಿಯ ಭುಜದಿಂದ ಕೀಳಲಿಲ್ಲ. ಉಳಿದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮೂರನೆಯ ರಚನೆಯ ನಡುವೆ ಅವಳಿಗೆ ಕೆಮ್ಮು ಬಂತು. ಕೈ ಅಡ್ಡ ಹಿಡಿದು ಪಕ್ಕಕ್ಕೆ ತಿರುಗಿದಳು. ಹಳೆಯ ಹಾಡಾಗಿದ್ದರೆ ತಾಳ ಅವಳನ್ನು ಬಿಟ್ಟು ಮುಂದೆ ಹೋಗಿರುತ್ತಿತ್ತು. ಗಡಿಯಾರ, ಬಾಮೈದ ಮೆಟ್ಟಿಲ ಮೇಲೆ ಹಿಡಿದಿದ್ದ ಅವಳ ಆ ಹಳೆಯ ಗುನುಗನ್ನು ಕಿವಿಗೆ ತಾಗಿಯೂ ತಾಗದಷ್ಟು ಸಣ್ಣದಾಗಿ ತೆರೆದು, ಹಾಗೇ ಹಿಡಿದುಕೊಂಡು ಕಾದ. ಎಷ್ಟು ಹೊತ್ತು ಎಂದು ಎಣಿಸಲಿಲ್ಲ. ಅವಳು ನೀರು ಕುಡಿದು, ಅವನತ್ತ ನೋಡಿ, ತನ್ನದೇ ಗುನುಗಿನ ಪಕ್ಕದಲ್ಲಿ ತಗ್ಗಿದ ದನಿಯನ್ನು ಇಟ್ಟಳು.

ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಕಾರ್ಯಕ್ರಮ ಮುಗಿದ ಮೇಲೆ ಅಳಿಯನನ್ನು ಪಕ್ಕಕ್ಕೆ ಕರೆದು, ತಮಗೆ ನಡುವೆ ಎರಡು ಸಲ ನಿದ್ದೆ ಬಂತು, ಅಂಥ ಒಳ್ಳೆಯ ನಿದ್ದೆ ಬಂದು ವರ್ಷಗಳಾಗಿದ್ದವು ಎಂದರು. ಅದನ್ನು ಹೊಗಳಿಕೆ ಎಂದೇ ಗಡಿಯಾರ ತೆಗೆದುಕೊಂಡ.

ಆಲ್ಬಮನ್ನು ಅವರೇ ಹೊರತಂದರು. ಕೇಳುಗರು ಮೊದಲಿನ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ, ಆದರೆ ಇದ್ದವರು ಪತ್ರ ಬರೆಯುವವರಾಗಿದ್ದರು. ಒಬ್ಬ ನರ್ಸು ತಮ್ಮ ವಾರ್ಡಿನ ವಿಶ್ರಾಂತಿ ಕೋಣೆಯಲ್ಲಿ ಅದನ್ನು ಹಾಕುತ್ತೇವೆಂದು ಬರೆದಳು. ಗಡಿಯಾರ ಭಾನುವಾರಗಳಂದು ಬಡಾವಣೆಯ ಮಕ್ಕಳಿಗೆ ಡ್ರಮ್ ಕಲಿಸತೊಡಗಿದ. ಬಾರಿಸುವ ಹಸಿವು ಅಲ್ಲಿ ತೀರುತ್ತಿತ್ತು. ಉಳಿದ ಆರು ದಿನ ಮಿಕ್ಸರ್ ಹಲಗೆಯ ಮುಂದೆ. ಈಗ ಹೊಸ ರಚನೆಯೊಂದು ನಡೆದಿದೆ. ಸ್ಪೀಕರುಗಳನ್ನು ಕೇಳುಗರ ಹಿಂದೆ ಇಡಬೇಕೆಂದು ಅವನು, ಮುಂದೆಯೇ ಇರಲಿ ಎಂದು ಬಾಮೈದ, ಒಂದು ವಾರದಿಂದ ಹಗ್ಗಜಗ್ಗಾಟ ನಡೆಸಿದ್ದಾರೆ. ಹೆಂಡತಿ ಇಬ್ಬರ ಮಾತಿಗೂ ತಲೆ ಹಾಕದೆ ಕಿಟಕಿಯ ಬಳಿ ಕೂತು ಬಿಸಿನೀರು ಕುಡಿಯುತ್ತಾಳೆ.